ಸ್ಪ್ರಿಂಗ್ ನಿಂತ ಮೇಲೆ

ವಿಚಿತ್ರ ಅನುಭವ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇವೆಲ್ಲ ರಾತ್ರಿಯೇ ಯಾಕೆ ಆಗುತ್ತವೆ, ಒಬ್ಬರೇ ಇದ್ದಾಗಲೇ ಯಾಕೆ ಆಗುತ್ತವೆ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅರಸೀಕೆರೆಯ ಟೆಲಿಫೋನ್ ಕಚೇರಿಯಲ್ಲಿ ತಂತಿ, ಬ್ಯಾಟರಿ, ಸ್ಕ್ರೂಗಳ ನಡುವೆ ಹೊಟ್ಟೆ ಹೊರೆದವನು ನಾನು. ಯಂತ್ರ ಓಡಿದರೆ ಅದಕ್ಕೊಂದು ಕಾರಣವಿರುತ್ತದೆ, ನಿಂತರೂ ಒಂದು ಕಾರಣವಿರುತ್ತದೆ ಎಂದು ನಂಬಿದ್ದೆ. ಈಗಲೂ ನಂಬಿದ್ದೇನೆ. ಆದರೆ ನನಗಾದದ್ದು ಹಗಲಿನಲ್ಲಿ, ನಾಲ್ಕು ಜನ ಜೊತೆಗಿದ್ದಾಗ. ಅದಕ್ಕೇ ಇಷ್ಟು ವರ್ಷ ಸುಮ್ಮನಿದ್ದವನು ಈಗ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಆಗ ಎರಡು ಹುಚ್ಚು: ಮೋಟಾರ್ ಸೈಕಲ್, ಮತ್ತೆ ಸಿನಿಮಾ ಕ್ಯಾಮೆರಾ. ಭಾನುವಾರ ಬಂತೆಂದರೆ ಗಾಡಿ ಹತ್ತಿ ಬೇಲೂರು, ಹಳೇಬೀಡು, ಬಿಕ್ಕೋಡು ಎಂದು ಸುತ್ತುವುದು, ಹೋದ ದಾರಿಯನ್ನು ಪುಟ್ಟ ಫಿಲ್ಮಿನಲ್ಲಿ ಹಿಡಿದು ತರುವುದು. ನಮ್ಮೂರಿನ ಸ್ಟುಡಿಯೋದಲ್ಲಿ ಎರಡು ಹಳೆಯ ಕ್ಯಾಮೆರಾ ಮಾರಾಟಕ್ಕಿದ್ದವು. ಒಂದು ಸೆಲ್ ಹಾಕುವಂಥದ್ದು; ಗುಂಡಿ ಒತ್ತಿದಷ್ಟು ಹೊತ್ತೂ ಓಡುತ್ತದೆ. ಇನ್ನೊಂದು ಗಡಿಯಾರದಂತೆ ಕೀ ಕೊಡುವ ಸ್ಪ್ರಿಂಗ್ ಕ್ಯಾಮೆರಾ. ಪೂರ್ತಿ ಕೀ ಕೊಟ್ಟರೆ ಅರ್ಧ ನಿಮಿಷ ಕಿರ್ರೆಂದು ಓಡಿ ತಾನಾಗಿ ನಿಂತುಬಿಡುತ್ತದೆ. ಮತ್ತೆ ಕೀ ಕೊಡುವವರೆಗೆ ಅದು ಬರೀ ಕಬ್ಬಿಣದ ಡಬ್ಬಿ.

ಎರಡನ್ನೂ ಕೇಳಿ ತಂದು ಪರೀಕ್ಷೆ ಮಾಡಿದೆ. ಬಿಕ್ಕೋಡಿನ ಜಲ್ಲಿ ರಸ್ತೆಯಲ್ಲಿ ಸೆಲ್ಲುಗಳು ಒಳಗೊಳಗೇ ಕುಣಿದು ಕನೆಕ್ಷನ್ ತಪ್ಪಿ, ಅರ್ಧ ಫಿಲ್ಮು ಖಾಲಿ ಬಂತು. ಸ್ಪ್ರಿಂಗಿನದು ಎಷ್ಟು ಕುಲುಕಿದರೂ ತನ್ನ ಪಾಡಿಗೆ ತಾನು ಓಡಿತು. ಅದನ್ನೇ ಕೊಂಡು, ಹಳೇ ಟ್ಯೂಬಿನ ರಬ್ಬರಿನಿಂದ ಹ್ಯಾಂಡಲಿಗೆ ಬಿಗಿದೆ. ನಾನು ತೆಗೆದ ಚಿತ್ರಗಳೆಲ್ಲ ಚಳಿಜ್ವರ ಬಂದವರಂತೆ ನಡುಗುತ್ತಿದ್ದವು. ಕೈಯಲ್ಲಿ ಹಿಡಿದು ತೆಗೆದರೂ ಅಷ್ಟೇ. ಸ್ನೇಹಿತರು ನಗುತ್ತಿದ್ದರು. ಈ ಕ್ಯಾಮೆರಾ ಪುರಾಣ ಯಾಕೆಂದರೆ, ಅವತ್ತು ಸೆಲ್ಲಿನದನ್ನು ಕೊಂಡಿದ್ದರೆ ಇವತ್ತು ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಹಳೇಬೀಡಿನಲ್ಲಿ ನನಗೊಬ್ಬ ಗೆಳೆಯನಿದ್ದ, ಧರಣೇಂದ್ರ. ಬಸದಿಗಳ ಹತ್ತಿರವೇ ಮನೆ, ಬಟ್ಟೆ ವ್ಯಾಪಾರ. ಅವನ ತಾಯಿ ಪದ್ಮಮ್ಮನವರು ನನ್ನನ್ನು ಮಗನಂತೆ ಕಾಣುತ್ತಿದ್ದರು. ಸೂರ್ಯ ಮುಳುಗುವುದರೊಳಗೆ ಊಟ ಮಾಡಿಸಿಯೇ ಕಳಿಸುತ್ತಿದ್ದರು. ಮಾತಿನಲ್ಲಿ ಖಾರ, ಮನಸ್ಸು ಬೆಣ್ಣೆ. ಅವರ ತಮ್ಮ ಅನಂತರಾಜಯ್ಯ ಬಾಣಾವರದಲ್ಲಿದ್ದರು. ಅಕ್ಕ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ತಾಯಿಯ ಕೊನೆಗಾಲದಲ್ಲಿ ತಮ್ಮ ಹೇಳಿಕಳಿಸಿದ್ದು ತಡವಾಗಿ, ಪದ್ಮಮ್ಮನವರಿಗೆ ತಾಯಿಯ ಮುಖ ಸಿಗದೇ ಹೋಗಿತ್ತಂತೆ.

ಜೈನರಲ್ಲಿ ದಿಗ್ವ್ರತ ಎಂದೊಂದು ವ್ರತವಿದೆ. ದಿಕ್ಕು ದಿಕ್ಕಿಗೂ ಒಂದು ಗಡಿ ಹಾಕಿಕೊಂಡು, ಬದುಕಿರುವತನಕ ಅದರಾಚೆ ಕಾಲಿಡುವುದಿಲ್ಲ ಎಂದು ಗುರುಗಳ ಮುಂದೆ ಸಂಕಲ್ಪ ಮಾಡುವುದು. ಆಸೆ, ಓಡಾಟ ಕಡಿಮೆಯಾಗಲಿ ಎಂದು ಮಾಡುವ ವ್ರತ ಅದು. ಪದ್ಮಮ್ಮನವರು ಅದನ್ನು ಸಿಟ್ಟಿನಲ್ಲಿ ಮಾಡಿದರು. ಬಸದಿಗೆ ಮುನಿಗಳು ಬಂದಿದ್ದಾಗ, ಬಾಣಾವರದ ದಿಕ್ಕಿಗೆ ಜಾವಗಲ್ ನನ್ನ ಗಡಿ ಎಂದುಬಿಟ್ಟರು. ತಮ್ಮನ ಊರು ಅದರಾಚೆ. ಬೇಕೆಂದೇ ಹಾಗೆ ಹಾಕಿಕೊಂಡದ್ದು ಎಂದು ಅವರೇ ನನಗೆ ಹೇಳಿದ್ದರು. ಪ್ರತಿ ವರ್ಷ ಹತ್ತು ದಿನದ ಪರ್ವ ಮುಗಿದ ಮೇಲೆ ಜೈನರು ಎದುರು ಬದುರು ನಿಂತು, ಕೈಮುಗಿದು, ಆದ ತಪ್ಪಿಗೆಲ್ಲ ಕ್ಷಮೆ ಕೇಳುತ್ತಾರೆ. ಪದ್ಮಮ್ಮನವರು ಊರಿನವರಿಗೆಲ್ಲ ಕೈಮುಗಿದರು, ತಮ್ಮನೊಬ್ಬನನ್ನು ಬಿಟ್ಟು.

ಹೀಗಿರುವಾಗ ಅನಂತರಾಜಯ್ಯನವರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಅವರನ್ನು ಗಾಡಿಯಲ್ಲಿ ಕರೆತರುವ ಹಾಗಿರಲಿಲ್ಲ, ಇವರು ಗಡಿ ದಾಟುವ ಹಾಗಿರಲಿಲ್ಲ. ಒಂದು ದಿನ ಪದ್ಮಮ್ಮನವರು ನನ್ನ ಮುಂದೆ ಕೂತು, ಸೆರಗಿನ ತುದಿ ಹಿಡಿದುಕೊಂಡು ಕೇಳಿದರು: “ನಿನ್ನ ಡಬ್ಬೀಲಿ ಅವನ ಮುಖ ಹಿಡ್ಕೊಂಡು ಬತ್ತೀಯೇನಪ್ಪ? ನಾನಂತೂ ಹೋಗೋ ಹಂಗಿಲ್ಲ. ನನ್ನ ನಾಲಿಗೇನೇ ನನ್ನ ಕಾಲು ಕಟ್ಟಾಕೈತೆ. ದಾರೀನೂ ಹಿಡ್ಕೊಂಡು ಬಾ, ನಡ್ಕೊಂಡು ಹೋದಂಗಾಗ್ಲಿ.”

ಮುಂದಿನ ಭಾನುವಾರ ಧರಣೇಂದ್ರನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಜಾವಗಲ್ ದಾಟುವಾಗ ಗಾಡಿ ನಿಧಾನ ಮಾಡಿ ರಸ್ತೆಯನ್ನು ಹಿಡಿದೆ. ರಾಗಿ ಹೊಲ, ತೆಂಗಿನ ತೋಟ, ಬಾಣಾವರದ ರೈಲ್ವೆ ಗೇಟು, ಎಲ್ಲವನ್ನೂ ತುಣುಕು ತುಣುಕಾಗಿ ತೆಗೆದೆ. ಅನಂತರಾಜಯ್ಯನವರ ಮನೆಯ ಒಳಗೆ ಬೆಳಕು ಸಾಲದು ಎಂದು ಮಂಚವನ್ನು ಜಗಲಿಗೆ ತರಿಸಿದೆವು. ಸೊಸೆ ಸುಶೀಲಮ್ಮ ದಿಂಬು ಏರಿಸಿ, ಮುಖ ಒರೆಸಿ ಕೂರಿಸಿದರು. ನಾನು ಎದುರಿಗೆ ಸ್ಟೂಲಿನ ಮೇಲೆ ಕೂತು ಪೂರ್ತಿ ಕೀ ಕೊಟ್ಟು, “ನಿಮ್ಮಕ್ಕ ನೋಡ್ತಾರೆ, ಏನಾದ್ರೂ ತಿಳಿಸೋದಿದ್ರೆ ತಿಳಿಸಿ” ಎಂದೆ.

ಅವರು ನೋಡಿದರು, ಅಷ್ಟೇ. ತಲೆಯಾಡಿಸಲಿಲ್ಲ, ಬೆರಳು ಅಲುಗಿಸಲಿಲ್ಲ. ಕಿರ್ರೆನ್ನುತ್ತಿದ್ದ ಸದ್ದು ಸಣ್ಣಗಾಗಿ, ಕಟಕ್ ಎಂದು ನಿಂತಿತು. ಈ ನಿಂತದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆಮೇಲಿನ ಮೌನದಲ್ಲಿ ಮಾಡಿನ ಮೇಲೆ ಕಾಗೆ ನಡೆಯುವುದೂ ಕೇಳಿಸಿತ್ತು. ಮತ್ತೆ ಕೀ ಕೊಟ್ಟು ಕಾಯುವಷ್ಟು ಫಿಲ್ಮು ಉಳಿದಿರಲಿಲ್ಲ. ಮುದುಕರನ್ನು ಇನ್ನೂ ಹಿಂಸೆ ಮಾಡಲು ಮನಸ್ಸೂ ಬರಲಿಲ್ಲ. ಕ್ಯಾಮೆರಾವನ್ನು ಚರ್ಮದ ಚೀಲಕ್ಕೆ ಹಾಕಿ ಗುಂಡಿ ಬಿಗಿದು, ಧರಣೇಂದ್ರನ ಜೊತೆ ಬೀದಿಗಿಳಿದು ಗಾಡಿಯ ಪಕ್ಕದ ಪೆಟ್ಟಿಗೆಯಲ್ಲಿಟ್ಟೆ. ಆಮೇಲೆ ಒಳಗೆ ಹೋಗಿ ಮಜ್ಜಿಗೆ ಕುಡಿದು ಹೊರಟೆವು. ಉಳಿದ ಫಿಲ್ಮಿನಲ್ಲಿ ಹಳೇಬೀಡಿನ ಕೆರೆ ತೆಗೆದು ಮುಗಿಸಿದೆ. ಪದ್ಮಮ್ಮನವರಿಗೆ ಮಾತ್ರ, “ನೋಡಿದ್ರು ಅಮ್ಮ” ಎಂದೆ.

ಆ ಫಿಲ್ಮನ್ನು ತೊಳೆಸಲು ಅಂಚೆಯಲ್ಲಿ ಬೊಂಬಾಯಿಗೆ ಕಳಿಸಬೇಕಿತ್ತು. ಅದು ವಾಪಸ್ ಬರುವುದರೊಳಗೆ ಅನಂತರಾಜಯ್ಯ ತೀರಿಕೊಂಡರು. ಸುದ್ದಿ ಬಂದಾಗ ಪದ್ಮಮ್ಮನವರು ಎದ್ದು ನಿಂತು, ಬಾಗಿಲವರೆಗೆ ಹೋಗಿ, ಮತ್ತೆ ಬಂದು ಕೂತರಂತೆ. ವ್ರತ ಮುರಿಯಲಿಲ್ಲ.

ದೀಪಕ್ಕೆ ಹುಳ ಬಂದು ಸಾಯುತ್ತವೆ ಎಂದು ಅವರು ಸಂಜೆ ಪ್ರೊಜೆಕ್ಟರ್ ಹಚ್ಚಲು ಒಪ್ಪುತ್ತಿರಲಿಲ್ಲ. ಹಾಗಾಗಿ ಒಂದು ಮಧ್ಯಾಹ್ನ, ಉಗ್ರಾಣದ ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಬಿಟ್ಟು, ಧರಣೇಂದ್ರ, ಅವನ ಹೆಂಡತಿ, ಪದ್ಮಮ್ಮನವರು ಮತ್ತು ನಾನು ಕೂತೆವು. ರಸ್ತೆ ಬಂತು, ನಡುಗುತ್ತಾ. ಜಾವಗಲ್ ಬಂದಾಗ ಪದ್ಮಮ್ಮನವರು ಕೂತಲ್ಲೇ ಕಾಲು ಹಿಂದಕ್ಕೆಳೆದುಕೊಂಡದ್ದನ್ನು ನೋಡಿದೆ. ಆಮೇಲೆ ರೈಲ್ವೆ ಗೇಟು, ಜಗಲಿ, ಮಂಚ, ಅನಂತರಾಜಯ್ಯ. ನೋಡುತ್ತಿದ್ದಾರೆ, ಅಲುಗುತ್ತಿಲ್ಲ. ಈಗ ಮುಗಿಯುತ್ತದೆ, ಇನ್ನು ಕೆರೆ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

ಕೆರೆ ಬರಲಿಲ್ಲ. ಚಿತ್ರದ ನಡುಕ ಮಾತ್ರ ನಿಂತುಹೋಯಿತು. ಗೋಡೆಗೆ ಮೊಳೆ ಹೊಡೆದು ಕೂರಿಸಿದಷ್ಟು ಸ್ಥಿರವಾಗಿ ಅದೇ ಜಗಲಿ, ಅದೇ ಮುಖ. ಅನಂತರಾಜಯ್ಯ ಎಡಗೈಯನ್ನು ಮೆಲ್ಲಗೆ ಸರಿಸಿದರು. ಸತ್ತಂತೆ ಬಿದ್ದಿದ್ದ ಬಲಗೈಯ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿದರು. ಅದು ಜಾರಿತು. ಮತ್ತೆ ಎತ್ತಿದರು. ಎದೆಯ ಹತ್ತಿರ ತಂದು, ಎರಡೂ ಅಂಗೈ ಕೂಡಿಸಿ, ನಮ್ಮ ಕಡೆ ನೋಡುತ್ತಾ ಕೈಮುಗಿದರು. ಫಿಲ್ಮು ಅಲ್ಲಿಗೇ ಮುಗಿದು ಪಂಚೆ ಬೆಳ್ಳಗಾಯಿತು.

ಪದ್ಮಮ್ಮನವರು ಎದ್ದು ನಿಂತಿದ್ದರು. ಖಾಲಿ ಪಂಚೆಯ ಮೇಲೆ ಅವರ ನೆರಳು, ನೆರಳಿನಲ್ಲಿ ಮುಗಿದ ಕೈ. “ನಂದೂ ತಪ್ಪೈತೆ ಕಣೋ ಅನಂತ,” ಎಂದರು. “ನಂದೇ ಜಾಸ್ತಿ ಐತೆ.” ಆಮೇಲೆ ಗಟ್ಟಿಯಾಗಿ ಅತ್ತರು. ನಮ್ಮೆಲ್ಲರ ಕಣ್ಣೂ ಒದ್ದೆಯಾಗಿದ್ದವು. ಆದರೆ ಆ ಕೈಮುಗಿದದ್ದನ್ನು ನಾನು ತೆಗೆದೇ ಇರಲಿಲ್ಲ. ಅದನ್ನು ಅಲ್ಲಿ ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಾಗಲಿಲ್ಲ.

ಮರುದಿನವೇ ಧರಣೇಂದ್ರನನ್ನು ಕರೆದುಕೊಂಡು ಬಾಣಾವರಕ್ಕೆ ಹೋದೆ. ಫಿಲ್ಮಿನ ಸುದ್ದಿ ಎತ್ತದೆ, ನಾವು ಬಂದ ದಿನ ಏನಾದರೂ ನಡೆಯಿತೇ ಎಂದಷ್ಟೇ ಸುಶೀಲಮ್ಮನನ್ನು ಕೇಳಿದೆ. “ನೀವಿಬ್ರೂ ಗಾಡಿ ಹತ್ರ ಹೋದ್ರಲ್ಲ, ಆಗ ಮಾವಯ್ಯ ಎಡಗೈಲಿ ಬಲಗೈ ಎತ್ಕೊಂಡು ಕೈಮುಗುದ್ರು ಕಣ್ರೀ” ಎಂದರು ಅವರು. “ಒಂದ್ಸಲ ಜಾರ್ತು, ಮತ್ತೆ ಎತ್ತಿದ್ರು. ನೀವು ಕೂತಿದ್ದ ಸ್ಟೂಲ್ ಕಡೆ. ಅಲ್ಲಿ ಯಾರೂ ಇರ್ಲಿಲ್ಲ. ನಾನೇ ನೋಡಿ ಅತ್ಬಿಟ್ಟೆ.”

ನಾವು ವಾಪಸ್ ಹೊರಟೆವು. ಊರು ಹತ್ತಿರವಾದಾಗ ಧರಣೇಂದ್ರ ಹಿಂದಿನಿಂದ ನನ್ನ ಭುಜ ಹಿಡಿದು, “ಕ್ಯಾಮೆರಾ ಪೆಟ್ಟಿಗೇಲಿತ್ತಲ್ಲೋ, ನಾನೇ ಮುಚ್ಚಳ ಹಾಕಿದ್ದು” ಎಂದ. ಹೌದೋ ಎಂದೆ. ಪದ್ಮಮ್ಮನವರಿಗೆ ಮುಂದೊಂದು ದಿನ ಎಲ್ಲ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ದಾರಿ ಬದಿಯ ಹುಣಸೆಮರಗಳು ಇನ್ನೂ ಅವೆಯಾ ಎಂದು ಕೇಳಿದರು. ಕೊನೆಯವರೆಗೂ ಅವರು ಜಾವಗಲ್ ದಾಟಲಿಲ್ಲ.

ಚೀಲದೊಳಗೆ ಕ್ಯಾಮೆರಾದ ಗುಂಡಿ ಒತ್ತಿಹೋಗಿದ್ದರೆ ಫಿಲ್ಮಿನಲ್ಲಿ ಕತ್ತಲೆ ಬರಬೇಕಿತ್ತು. ಕೆರೆಯ ಚಿತ್ರ ಎಲ್ಲಿ ಹೋಯಿತು? ಕ್ಯಾಮೆರಾ ಈಗಲೂ ನನ್ನ ಹತ್ತಿರವಿದೆ. ಎಷ್ಟು ಸಲ ಬಿಚ್ಚಿ ಜೋಡಿಸಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಒಂದು ದೋಷವೂ ಕಾಣಲಿಲ್ಲ. ಪರ್ವದ ದಿನಗಳು ಮುಗಿದಾಗ, ನಾನು ಜೈನನಲ್ಲದಿದ್ದರೂ, ಬಾಗಿಲು ಹಾಕಿಕೊಂಡು ಅದಕ್ಕೆ ಪೂರ್ತಿ ಕೀ ಕೊಡುತ್ತೇನೆ. ಗುಂಡಿ ಒತ್ತಿ ಕಿವಿಯ ಹತ್ತಿರ ಹಿಡಿಯುತ್ತೇನೆ. ಕಿರ್ರೆಂದು ಓಡುತ್ತದೆ, ಸದ್ದು ಸಣ್ಣಗಾಗುತ್ತದೆ, ಕಟಕ್ ಎಂದು ನಿಲ್ಲುತ್ತದೆ. ಪ್ರತಿ ಸಲವೂ ನಿಲ್ಲುತ್ತದೆ. ನಿಂತ ಮೇಲೂ ನಾನು ಸ್ವಲ್ಪ ಹೊತ್ತು ಅದನ್ನು ಕೆಳಗಿಡುವುದಿಲ್ಲ.