ಅರ್ಧಕ್ಕಿಳಿದ ಕೂಗು

ನಿಂಗಮ್ಮನವರ ಸೊಂಟ ಮುರಿದದ್ದು ಆನೆ. ಆದರೆ ಅವರನ್ನು ಆನೆಯ ಎದುರಿಗೆ ಕಳುಹಿಸಿದವರು ಎಚ್ಚರಿಕೆ ಯಂತ್ರ ಮಾಡಿಕೊಟ್ಟ ಗುತ್ತಿಗೆದಾರರು ಮತ್ತು ಅದನ್ನು ಸರಿಯಾಗಿ ಕೇಳಿಯೂ ನೋಡದೆ ಸಹಿ ಹಾಕಿದ ಅಧಿಕಾರಿಗಳು. "ಎಚ್ಚರಿಕೆ ಲೆಕ್ಕಿಸದೆ ಹೊಲಕ್ಕಿಳಿದರು" ಎಂದು ಗಾಯಾಳುವಿನ ಮೇಲೆಯೇ ತಪ್ಪು ಹೊರಿಸಿದ ಅವರ ವರದಿ ಸುಳ್ಳು.

ಕಳೆದ ವರ್ಷ, ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮುಗಿಸಿದ ನಾನು ಹುಣಸೂರಿನ ಚಿಕ್ಕ ಸ್ಟುಡಿಯೋವೊಂದರಲ್ಲಿ ಧ್ವನಿ ತಂತ್ರಜ್ಞೆಯಾಗಿದ್ದೆ. ಸರಗೂರಿನ ಆಚೆಯ ಕಾಡಂಚಿನ ಊರಿಂದ ಬೆಳೆ ಕಾಯುವ ಸಿದ್ದಯ್ಯ ಬಂದರು. ನಿಂಗಮ್ಮ ಅವರ ತಂಗಿ. ಊರವರ ಎದುರಿಗೇ ಯಂತ್ರದಿಂದ ತೆಗೆಸಿದ ಮೆಮೊರಿ ಕಾರ್ಡ್ ಅವರ ಕೈಯಲ್ಲಿತ್ತು.

ಆ ಊರುಗಳಲ್ಲಿ ಅಟ್ಟಣೆಯ ಮೇಲಿಂದ ಎರಡು ಬಗೆಯ ಕೂಗು ಹಾಕುತ್ತಾರೆ. ಉಸಿರು ಮುಗಿಯುವವರೆಗೆ ಎಳೆದರೆ ಆನೆ ಕಾಡಂಚಿನ ಕಂದಕ ದಾಟಿದೆ, ಹೊರಬರಬೇಡಿ ಎಂದರ್ಥ. ಅದರ ಅರ್ಧಕ್ಕೆ ನಿಲ್ಲಿಸಿದರೆ ಆನೆ ಕಾಡಿಗೆ ಮರಳಿದೆ, ಕೆಲಸಕ್ಕಿಳಿಯಿರಿ ಎಂದು. ಅರ್ಥವಿರುವುದು ಕೂಗಿನ ಉದ್ದದಲ್ಲಿ. ಗುತ್ತಿಗೆದಾರರು ಸಿದ್ದಯ್ಯನವರ ಎರಡೂ ಕೂಗನ್ನು ರೆಕಾರ್ಡ್ ಮಾಡಿ, ಅಕ್ಕಪಕ್ಕದ ಮೂರು ಊರುಗಳ ಕಂಬಗಳಿಗೆ ಸ್ಪೀಕರ್ ಕಟ್ಟಿದರು. ಕೂಗು ಯಾವ ಊರಿನದೆಂದು ತಿಳಿಯಲೆಂದು ಒಂದೊಂದಕ್ಕೂ ಬೇರೆ ಶ್ರುತಿ ಇಟ್ಟರು. ಸಿದ್ದಯ್ಯನವರ ಊರಿಗೆ ಬಂದದ್ದು ಎಲ್ಲಕ್ಕಿಂತ ಎತ್ತರದ ಶ್ರುತಿ.

ಉದ್ಘಾಟನೆಯ ದಿನ ಅಧಿಕಾರಿಗಳು ಗಿಡ್ಡ ಕೂಗಿನ ಗುಂಡಿಯನ್ನಷ್ಟೇ ಒತ್ತಿದರು. ಬೆಕ್ಕಿನ ಮರಿಯಂಥ ದನಿ ಕೇಳಿ ಜನ ನಕ್ಕರು. "ಲೇ ಸಿದ್ದ, ನಿನ್ ಗಂಟ್ಲ ಮೀಸೆ ಬೋಳ್ಸವ್ರೆ ಕಣ್ಲಾ," ಎಂದು ಗೆಳೆಯನೊಬ್ಬ ಛೇಡಿಸಿದ. ಆ ನಗುವಿನಲ್ಲಿ ಕೂಗು ಎಷ್ಟು ಬೇಗ ಮುಗಿಯಿತೆಂಬುದನ್ನು ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಟೀ ಬಂತು. ಇನ್ನೊಂದು, ಉದ್ದ ಕೂಗಿನ ಗುಂಡಿಯನ್ನು ಯಾರೂ ಮುಟ್ಟಲಿಲ್ಲ.

ಅದನ್ನು ಮೊದಲು ಒತ್ತಿದ್ದು ಸಿದ್ದಯ್ಯನವರೇ, ಒಂದು ಬೆಳಗಿನ ಜಾವ, ಕಂದಕದ ಈಚೆಗೆ ಆನೆ ಕಂಡಾಗ. ಕೂಗು ಅರ್ಧಕ್ಕೇ ನಿಂತಿತು. ಮನೆಯಲ್ಲಿದ್ದ ನಿಂಗಮ್ಮ ಆನೆ ಮರಳಿತೆಂದು ತಿಳಿದು, ಕುಡುಗೋಲು ಹಿಡಿದು ಹಸಿಹುಲ್ಲಿಗೆ ಹೊರಟರು. ಅನುಮಾನ ಬಂದು ಅಣ್ಣ ಬಾಯಿಂದಲೇ ಕೂಗುವಷ್ಟರಲ್ಲಿ ಅವರು ಹೊಲದೊಳಗಿದ್ದರು.

"ನನ್ ಗಂಟ್ಲಲ್ಲೇ ನನ್ ತಂಗಿಗೆ ಸುಳ್ಳು ಏಳ್ಸವ್ರೆ ಕಣವ್ವ," ಎಂದರು ಸಿದ್ದಯ್ಯ. "ಈಗ ಅವ್ಳೇ ಕೇಳ್ಲಿಲ್ಲ ಅಂತ ಬರ್ಕಂಡವ್ರೆ."

ನಾನು ಅವರನ್ನು ಮೈಕಿನ ಮುಂದೆ ನಿಲ್ಲಿಸಿ ಉದ್ದದ ಕೂಗು ಹಾಕಿಸಿದೆ. ಅದನ್ನು ಸ್ಯಾಂಪ್ಲರ್‌ಗೆ, ಅಂದರೆ ರೆಕಾರ್ಡ್ ಮಾಡಿದ ಧ್ವನಿಯನ್ನು ಕೀಬೋರ್ಡಿನಲ್ಲಿ ನುಡಿಸುವ ಯಂತ್ರಕ್ಕೆ, ಹಾಕಿದೆ. ಸಾಮಾನ್ಯ ವಿಧಾನದಲ್ಲಿ ಮೇಲಿನ ಕೀ ಒತ್ತಿದರೆ ಧ್ವನಿ ವೇಗವಾಗಿ ಓಡಿ ಶ್ರುತಿ ಏರುತ್ತದೆ. ವೇಗ ಹೆಚ್ಚಿದಷ್ಟೂ ಉದ್ದ ಕುಗ್ಗುತ್ತದೆ. ಒಂದು ಸ್ಥಾಯಿ ಏರಿಸಿದರೆ ಉದ್ದ ಸರಿಯಾಗಿ ಅರ್ಧ. ನಾನು ಒಂದು ಸ್ಥಾಯಿ ಮೇಲಿನ ಕೀ ಒತ್ತಿದೆ. ಮೆಮೊರಿ ಕಾರ್ಡಿನಲ್ಲಿದ್ದ ಅದೇ ಬೆಕ್ಕಿನ ದನಿ ಹೊರಬಂತು, ಅಷ್ಟೇ ಉದ್ದಕ್ಕೆ ನಿಂತಿತು. ಸಿದ್ದಯ್ಯ ಮುಖ ತಿರುಗಿಸಿಕೊಂಡರು.

ಇದಕ್ಕೆ ಪರಿಹಾರ ಅಪರೂಪದ್ದಲ್ಲ. 'ಟೈಮ್ ಸ್ಟ್ರೆಚ್' ಎಂಬ ಸೌಲಭ್ಯ ಧ್ವನಿಯನ್ನು ಸಣ್ಣ ಸಣ್ಣ ತುಣುಕು ಮಾಡಿ, ಅಗತ್ಯವಿದ್ದಷ್ಟನ್ನು ಮತ್ತೆ ನುಡಿಸಿ, ಅಂಚಿಗೆ ಅಂಚು ಬೆಸೆಯುತ್ತದೆ. ಶ್ರುತಿ ಏರಿದರೂ ಉದ್ದ ಉಳಿಯುತ್ತದೆ. ಮದುವೆ ಆರ್ಕೆಸ್ಟ್ರಾದ ಹುಡುಗರೂ ಇದನ್ನು ದಿನಾ ಬಳಸುತ್ತಾರೆ.

ಗುತ್ತಿಗೆದಾರರಿಗೆ ಫೋನ್ ಮಾಡಿದೆ. "ಶ್ರುತಿ ಬೇರೆ ಬೇಕು ಅಂದ್ರು ಮೇಡಂ, ಕೊಟ್ವಿ. ಉದ್ದದ ಮಾತು ಯಾರೂ ಆಡ್ಲಿಲ್ಲ. ಕೂಗು ಕೂಗೇ ಅಲ್ವಾ?"

ಅಲ್ಲ. ಧ್ವನಿಯೊಂದನ್ನು ಬದಲಿಸುವ ಮುನ್ನ, ಅದರ ಯಾವ ಗುಣವನ್ನು ನಂಬಿ ಜನ ಬದುಕುತ್ತಿದ್ದಾರೆಂದು ಕೇಳಬೇಕು. ಯಾವ ತರಗತಿಯೂ ಹೇಳಿಕೊಡದ ಈ ಪಾಠವನ್ನು ನನ್ನ ವೃತ್ತಿ ಕಲಿಸಿದ್ದು ಮುರಿದ ಸೊಂಟವೊಂದರ ಬೆಲೆಗೆ. ನಿಂಗಮ್ಮ ಎಚ್ಚರಿಕೆಯನ್ನು ಮೀರಿದವರಲ್ಲ. ಕೇಳಿದ ಕೂಗನ್ನು ಅಕ್ಷರಶಃ ಪಾಲಿಸಿದವರು. ಅವರಿಂದು ಗೋಡೆ ಹಿಡಿದು ನಡೆಯುತ್ತಾರೆ. ಯಂತ್ರಗಳು ಇಂದಿಗೂ ಅದೇ ಕಂಬಗಳಲ್ಲಿವೆ.

ಆದ್ದರಿಂದ ಗುತ್ತಿಗೆ ಕೊಟ್ಟ ಕಚೇರಿಯನ್ನು ಕೇಳುತ್ತೇನೆ: ಎರಡನೆಯ ಗುಂಡಿಯನ್ನು ಒತ್ತಿ ನೋಡದೆ ಸಹಿ ಹಾಕಿದವರು ಯಾರು? ಇದಕ್ಕೆ ಲಿಖಿತ ಉತ್ತರ ಕೊಡಬೇಕು. ಊರವರ ಎದುರಿಗೆ ಎರಡೂ ಕೂಗುಗಳ ಉದ್ದವನ್ನು ಪರೀಕ್ಷಿಸುವವರೆಗೆ ಮೂರೂ ಊರುಗಳ ಯಂತ್ರಗಳನ್ನು ಇಳಿಸಬೇಕು. ನಿಂಗಮ್ಮನವರ ಮೇಲೆ ತಪ್ಪು ಹೊರಿಸಿದ ಆ ವಾಕ್ಯವನ್ನು ವರದಿಯಿಂದ ತೆಗೆದು, ಹಾಗೆ ತಿದ್ದಿದ ವರದಿಯನ್ನು ಅವರ ಮನೆಗೇ ಬಂದು ಓದಿ ಹೇಳಬೇಕೆಂದು ಕೋರುತ್ತೇನೆ.