ಅಕ್ಕನ ಕಾರಿನ ಮೂರು ಟಿಕಳಿ

ಮನುಕುಲದ ಇತಿಹಾಸವೆಲ್ಲ, ಸೂಕ್ಷ್ಮವಾಗಿ ನೋಡಿದರೆ, ಬೆರಳು ಯಾವುದನ್ನು ಒತ್ತಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ. ಮೊನ್ನೆ ಬಸವನ ಬಾಗೇವಾಡಿಯಲ್ಲಿ, ಗಾಡಿ ತೊಳೆಯುವ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಾಗ ನನಗೆ ಈ ಸತ್ಯ ಹೊಳೆಯಿತು. ಯಾರಿಗಾದರೂ ಹೇಳೋಣವೆಂದರೆ ಹತ್ತಿರದಲ್ಲಿದ್ದವನು ಖಾಜಾಸಾಬ ಒಬ್ಬನೇ. ಅವನು ಅರ್ಧ ದೇಹವನ್ನು ಕಾರಿನೊಳಗೆ ತೂರಿಸಿಕೊಂಡು, ಒದ್ದೆ ಅರಿವೆ ಹಿಡಿದು, ತನ್ನದೇ ಪ್ರಶ್ನೆಯಲ್ಲಿ ಮುಳುಗಿದ್ದ.

“ಸರ, ಇಲ್ಲಿ ಯಾರೋ ಟಿಕಳಿ ಹಚ್ಯಾರ. ಕಿತ್ತ ಒಗೀಲೇನ್ರಿ?”

“ಮುಟ್ಟಬ್ಯಾಡಪಾ” ಎಂದು ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಮಗುಚಿತು.

ಕಾರು ನನ್ನದಲ್ಲ, ನಮ್ಮ ಅಕ್ಕನದು. ಮುದ್ದೇಬಿಹಾಳದಿಂದ ಬೆಳಿಗ್ಗೆ ನಮ್ಮ ಮನೆಗೆ ಬಂದಿದ್ದಳು. ಅವಳು ನನ್ನ ಹೆಂಡತಿಯೊಡನೆ ಮಾತಿಗೆ ಕುಳಿತಾಗ, ಆ ಮಾತು ನನ್ನ ಕಡೆ ತಿರುಗುವ ಮೊದಲೇ ಗಾಡಿ ತೊಳೆಸುವ ನೆಪದಲ್ಲಿ ನಾನು ಹೊರಬಿದ್ದಿದ್ದೆ. ಅದು ಕರೆಂಟಿನ ಕಾರು. ಅದರ ಮುಂಭಾಗದಲ್ಲಿ ಹೋಳಿಗೆ ಮಣೆಯಷ್ಟಗಲದ ಕಪ್ಪು ಪರದೆ. ಗಾಳಿ, ಹಾಡು, ನಕಾಶೆ, ದೀಪ ಎಲ್ಲವೂ ಅದರೊಳಗೇ. ಒಂದು ಗುಂಡಿಯಿಲ್ಲ, ಒಂದು ತಿರುಗಣಿಯಿಲ್ಲ. ಆ ಪರದೆಯ ಕೆಳಗಿನ ಪ್ಲಾಸ್ಟಿಕ್ ಅಂಚಿನಲ್ಲಿ ಮೂರು ಟಿಕಳಿಗಳಿವೆ: ಹೆಂಗಸರು ಹಣೆಗೆ ಅಂಟಿಸಿಕೊಳ್ಳುತ್ತಾರಲ್ಲ, ಅವೇ. ನಡುವಿನದಕ್ಕೆ ಹರಳು ಬೇರೆ ಇದೆ.

ಇವು ಅಲ್ಲಿಗೆ ಬಂದ ಬಗೆಯನ್ನು ಹೇಳುವ ಮೊದಲು ನನ್ನ ನಿಲುವನ್ನು ಸ್ಪಷ್ಟಪಡಿಸಬೇಕು. ನಾನು ಹುಟ್ಟಾ ಗುಂಡಿ ಪಕ್ಷದವನು. ಕಚೇರಿಯಲ್ಲಿ ಟೈಪಿಸ್ಟನಾಗಿ ನಿವೃತ್ತನಾದವನು. ಕೀಲಿ ಒತ್ತಿದರೆ ಟಕ್ ಎನ್ನಬೇಕು. ಎನ್ನದಿದ್ದರೆ ಕೆಲಸವಾಯಿತೆಂದು ನಂಬುವುದಾದರೂ ಹೇಗೆ? ಅಕ್ಕನ ಹಳೆಯ ಬಿಳಿ ಕಾರು ಈ ವಿಷಯದಲ್ಲಿ ಆದರ್ಶಪ್ರಾಯವಾಗಿತ್ತು. ಅದರ ಎಲ್ಲ ಗುಂಡಿಗಳೂ ಟಕ್ ಎನ್ನುತ್ತಿದ್ದವು. ಬಾಗಿಲುಗಳಂತೂ ಒತ್ತದಿದ್ದರೂ ಎನ್ನುತ್ತಿದ್ದವು. ಗಾಳಿಯ ತಿರುಗಣಿ ಉದುರಿ ಹೋದಾಗ ಅಕ್ಕ ಆ ಜಾಗಕ್ಕೆ ಒಂದು ಬುಗುರಿಯನ್ನು ಸಿಗಿಸಿದ್ದಳು. ಅದನ್ನು ತಿರುಗಿಸುವಾಗ ಅವಳ ಕಣ್ಣು ರಸ್ತೆಯಿಂದ ಕದಲಿದ್ದನ್ನು ನಾನು ಕಾಣೆ.

ಅದು ಕಾರಿನಿಂದ ಬಂದ ಗುಣವೂ ಅಲ್ಲ. ಅಕ್ಕ ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ದುರದೃಷ್ಟವಶಾತ್ ನನಗೂ ಕಲಿಸಿದಳು. ಹಲಗೆಯ ಮೇಲೆ ಬರೆಯುವಾಗ ಅವಳು ನಮಗೆ ಬೆನ್ನು ತಿರುಗಿಸಿದವಳೇ ಅಲ್ಲ. ಅಡ್ಡಡ್ಡ ನಿಂತು, ಮುಖ ನಮ್ಮ ಕಡೆ, ಕೈ ಹಲಗೆಯ ಕಡೆ. ಲೆಕ್ಕ ತನ್ನಷ್ಟಕ್ಕೆ ನೆಟ್ಟಗೆ ಸಾಲು ಹಿಡಿದು ಇಳಿಯುತ್ತಿತ್ತು. ನಡುವೆ ಸುಣ್ಣದ ಕಡ್ಡಿಯ ತುಂಡೊಂದು ಬಂದು ನನ್ನ ಕಿವಿಗೆ ತಗಲುತ್ತಿತ್ತು. ಸಾಲೆಯಲ್ಲಿ ನನ್ನ ಹೆಸರು ಗಣಿತದಿಂದ ಉಳಿಯದಿದ್ದರೂ ಆ ಕಿವಿಯಿಂದ ಉಳಿಯಿತು.

ಇಂಥವಳ ಮುಂದೆ ಅವಳ ಮಗ ಮಾಂತೇಶ ಹೊಸ ಕಾರು ತಂದು ನಿಲ್ಲಿಸಿದ. ಸಿಂದಗಿಯಲ್ಲಿ ಅವನದು ಹನಿ ನೀರಾವರಿ ಪೈಪಿನ ಅಂಗಡಿ. ಒಳ್ಳೆಯ ಹುಡುಗ, ಆದರೆ ಹಿರಿಯರಿಗೆ ವಿಶ್ರಾಂತಿ ಕೊಡಬೇಕೆಂಬ ಹಟ. “ಅವ್ವಾ, ಇನ್ನ ನೀ ಹಿಂದಿನ ಸೀಟಿನ್ಯಾಗ ಕುಂಡ್ರ. ಡ್ರೈವರ್ ಇಡ್ತೇನಿ” ಎಂದ. ಅಕ್ಕನಿಗೆ ಹಿಂದಿನ ಸೀಟೆಂದರೆ ಸಾಮಾನು ಇಡುವ ಜಾಗ. ಕಡೆಗೆ ಒಂದು ಒಪ್ಪಂದವಾಯಿತು: ಇಂಡಿಯಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಕುಬಸವಿತ್ತು, ಅಂದರೆ ಸೀಮಂತ; ಅಲ್ಲಿಯವರೆಗೆ ಅಕ್ಕ ತೊಂದರೆಯಿಲ್ಲದೆ ಓಡಿಸಿದರೆ ಕೀಲಿ ಅವಳದು, ಇಲ್ಲದಿದ್ದರೆ ಡ್ರೈವರನದು.

ಅಕ್ಕ ಸ್ಟೇರಿಂಗಿಗೆ, ಮಾಂತೇಶ ಪಕ್ಕಕ್ಕೆ ಕುಳಿತು ಬಂದು ನನ್ನನ್ನು ಬಾಗೇವಾಡಿಯಲ್ಲಿ ಹತ್ತಿಸಿಕೊಂಡರು. ಗುಂಡಿಗಳ ಶ್ರೇಷ್ಠತೆಯ ಬಗ್ಗೆ ನಾನು ಹಿಂದಿನ ಸೀಟಿನಿಂದ ಉಪನ್ಯಾಸ ಆರಂಭಿಸಿ ಇನ್ನೂ ಪೀಠಿಕೆಯಲ್ಲಿದ್ದೆ. ಅಷ್ಟರಲ್ಲಿ ಹಿಪ್ಪರಗಿ ದಾಟುತ್ತಲೇ ಮಳೆ ಹಿಡಿಯಿತು. ಮೂವರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಯಿತು. ಗಾಜಿಗೆ ಗಾಳಿ ಬಿಡುವ ಗುರುತು ಪರದೆಯ ಯಾವುದೋ ಮೂಲೆಯಲ್ಲಿತ್ತು. ಅಕ್ಕ, ನಾನು ಕಂಡಂತೆ ಮೊದಲ ಬಾರಿಗೆ, ಕಣ್ಣು ಕೆಳಗಿಳಿಸಿದಳು. ಕಾರು ಬಲಕ್ಕೆ ಸರಿಯಿತು. ಎದುರಿಗೆ ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರೊಂದು ತನ್ನ ಹಾಡು ನಿಲ್ಲಿಸಿ ಹಾರ್ನ್ ಹಾಕಿತು.

ಅಕ್ಕ ಎಡಕ್ಕೆಳೆದು ನಿಲ್ಲಿಸಿದಳು. ನನ್ನ ಪೀಠಿಕೆಯೂ ಅಲ್ಲಿಗೇ ನಿಂತಿತು. ಈ ಆಪತ್ತಿನಲ್ಲಿ ನನ್ನ ಕೊಡುಗೆಯೆಂದರೆ, ಹೆಗಲ ಮೇಲಿನ ಟಾವೆಲ್ಲಿನಿಂದ ಗಾಜು ಒರೆಸಿದ್ದು. ಅದರಲ್ಲಿ ಬೆಳಿಗ್ಗೆ ಶೇಂಗಾ ಚಟ್ನಿಯ ಕೈ ಒರೆಸಿದ್ದರಿಂದ ಗಾಜು ಇನ್ನಷ್ಟು ಮಸುಕಾಯಿತು.

“ನಾ ಹೇಳಲಿಲ್ಲೇನವ್ವಾ?” ಎಂದು ಮಾಂತೇಶ ಮೆಲ್ಲಗೆ ಹೇಳಿ ಸ್ಟೇರಿಂಗಿಗೆ ಬಂದ. ಅಕ್ಕ ಪಕ್ಕದ ಸೀಟಿಗೆ ಸರಿದು ಸೆರಗು ಸರಿಮಾಡಿಕೊಂಡಳು. ಅವಳ ಬೆನ್ನು ಅಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ.

ಸ್ವಲ್ಪ ದೂರದಲ್ಲೇ ಗಾಜು ಮತ್ತೆ ಬೆಳ್ಳಗಾಯಿತು. ಮಾಂತೇಶ ಪರದೆಯ ಕಡೆ ಬಗ್ಗಿ ಏನೋ ಒತ್ತಿದ.

“ಮಾಂತೂ, ನನ್ನ ಕಾಲಿಗೆ ಯಾಕ ಕಾವು ಕೊಡಾಕತ್ತಿ? ನಾ ಏನ್ ಬಾಣಂತಿ ಅದೀನೇನು?”

“ತಡಿ ಅವ್ವಾ, ನೋಡಾಕತ್ತೇನಿ.”

“ಅದನ್ನ ನೋಡಬ್ಯಾಡ, ರಸ್ತಾ ನೋಡು. ನಿಲ್ಲಸು ಮೊದಲ.”

ನಿಂತಿತು. ಅಕ್ಕ ಪರದೆಯನ್ನು ಹೊಸ ವಿದ್ಯಾರ್ಥಿಯನ್ನು ಅಳೆಯುವಂತೆ ಅಳೆದಳು. “ಇದರಾಗ ಕದಲದಂಥಾದ್ದು ಯಾವದು ಐತಿ?” ಎಂದು ಕೇಳಿದಳು. ಮಾಂತೇಶ ತೋರಿಸಿದ: ಪರದೆಯ ಮೇಲ್ಭಾಗ ಏನೇ ಬದಲಾದರೂ ಕೆಳಗಿನ ಪಟ್ಟಿ ಮಾತ್ರ ಸ್ಥಿರ. ಗಾಳಿ ಕಡಿಮೆ, ಗಾಜಿಗೆ ಗಾಳಿ, ಗಾಳಿ ಹೆಚ್ಚು, ಮೂರೂ ಅದರಲ್ಲೇ ಇದ್ದವು.

ಕುಬಸಕ್ಕೆ ಬರುವ ಮುತ್ತೈದೆಯರಿಗೆ ಕೊಡಲೆಂದು ಅಕ್ಕನ ಚೀಲದಲ್ಲಿ ಬಳೆಗಳ ಜೊತೆ ಟಿಕಳಿಯ ಪಾಕೀಟುಗಳಿದ್ದವು. ನಮ್ಮ ಮನೆಗಳ ಕನ್ನಡಿಗಳನ್ನು ನೀವು ನೋಡಿರಬೇಕು. ರಾತ್ರಿ ಮಲಗುವಾಗ ಕಿತ್ತ ಟಿಕಳಿ ಕನ್ನಡಿಯ ಅಂಚಿಗೆ ಅಂಟುತ್ತದೆ. ಬೆಳಿಗ್ಗೆ ದೀಪ ಹಚ್ಚುವ ಮೊದಲೇ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನಾವು ಗಂಡಸರು ಗಡ್ಡ ಹೆರೆಯುವಾಗ ಅವನ್ನು ಕಂಡು ಗೊಣಗುತ್ತೇವೆ. ಗೊಣಗುವುದರಾಚೆ ಅವುಗಳಿಂದ ನಾವು ಏನನ್ನೂ ಕಲಿತಿಲ್ಲ.

ಅಕ್ಕ ಪಾಕೀಟು ಒಡೆದು ಪ್ರತಿ ಗುರುತಿನ ಕೆಳಗೆ, ಪರದೆಗೆ ತಾಗದಂತೆ ಅಂಚಿಗೆ, ಒಂದೊಂದು ಟಿಕಳಿ ಒತ್ತಿದಳು. ಎಡಕ್ಕೆ ಸಣ್ಣದು, ಬಲಕ್ಕೆ ದೊಡ್ಡದು, ನಡುವೆ ಹರಳಿನದು. ಕಣ್ಣು ಮುಚ್ಚಿ, ಬೆರಳಿನಿಂದ ಟಿಕಳಿ ಹುಡುಕಿ, ಅದರ ಮೇಲಿನ ಗುರುತು ಒತ್ತಿ ಎರಡು ಸಲ ನೋಡಿಕೊಂಡಳು. ಆಮೇಲೆ ಮಗನಿಗೆ, “ಇಳಿ” ಎಂದಳು.

ಅವನು ಇಳಿದ, ಆದರೆ ಸೋಲಲಿಲ್ಲ. ಸಿಂದಗಿ ದಾಟಿದ ಮೇಲೆ ನನ್ನ ಟಾವೆಲ್ ಇಸಿದುಕೊಂಡು ಪರದೆಗೆ ಅಡ್ಡ ಹಿಡಿದ. “ಗಾಳಿ ಕಡಿಮಿ ಮಾಡು.” ಅಕ್ಕನ ಬೆರಳು ಟಾವೆಲ್ಲಿನ ಕೆಳಗೆ ನುಸುಳಿತು; ಕಡಿಮೆಯಾಯಿತು. “ಹೆಚ್ಚ ಮಾಡು.” ಆಯಿತು. ಕಣ್ಣು ರಸ್ತೆಯ ಮೇಲೆ. ಸಾಲೆಯ ಹಲಗೆ ನೆನಪಾಗಿ ನಾನು ಅಭ್ಯಾಸಬಲದಿಂದ ಕಿವಿ ಮುಚ್ಚಿಕೊಂಡೆ.

ಇಂಡಿ ಹತ್ತಿರವಾಗುತ್ತ ಲಿಂಬೆ ತೋಟಗಳ ನಡುವೆ ಮಳೆ ಮತ್ತೆ ಬಂತು, ಗಾಜು ಮತ್ತೆ ಬೆಳ್ಳಗಾಗತೊಡಗಿತು. ಮಾಂತೇಶ ಬಾಯಿ ತೆರೆಯುವಷ್ಟರಲ್ಲಿ ಬೆರಳು ಹರಳು ಮುಟ್ಟಿ ಒಂದು ಗೇಣಿನ ಹತ್ತನೆಯ ಪಾಲು ಮೇಲೇರಿತ್ತು. ಗಾಜು ನಡುವಿನಿಂದ ತಿಳಿಯಾಗುತ್ತ ಹೋಯಿತು. ಎದುರಿನ ಲಾರಿಗೆ ಅಕ್ಕ ತಕ್ಕಷ್ಟು ದಾರಿ ಕೊಟ್ಟಳು. ಮಾಂತೇಶ ಟಾವೆಲ್ ಮಡಚಿ ನನಗೆ ಮರಳಿಸಿದ.

ಇಳಿದ ಮೇಲೆ, “ಕೀಲಿ ನಿನ್ನ ಚೀಲದಾಗ ಇಟ್ಟೇನವ್ವಾ” ಎಂದ.

“ಮತ್ತೆಲ್ಲಿ ಇಡಾಂವ ಇದ್ದಿ?” ಎಂದಳು ಅಕ್ಕ. ಅಷ್ಟೇ ಅವಳ ವಿಜಯೋತ್ಸವ. ಉಳಿದದ್ದನ್ನು ನಾನು ನೋಡಿಕೊಂಡೆ. ಆ ದಿನ ಕುಬಸದ ಪಂಕ್ತಿಯಲ್ಲಿ ನನ್ನ ಎಡಬಲದವರಿಗೆ, ಬಡಿಸುವವರಿಗೆ, ಕಡೆಗೆ ಬಾಯಿಗೆ ಹೋಳಿಗೆ ಹಾಕಿಕೊಂಡಿದ್ದರಿಂದ ತಪ್ಪಿಸಿಕೊಳ್ಳಲಾಗದ ಒಬ್ಬ ಅಪರಿಚಿತನಿಗೂ, “ಅಕೀ ನಮ್ಮ ಅಕ್ಕರಿ” ಎಂದು ಹೇಳಿದೆ.

ಎದೆ ಇಷ್ಟು ಉಬ್ಬಿದ್ದರೂ ಒಂದು ಮುಳ್ಳು ಉಳಿದಿದೆ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಎರಡು ಅಕ್ಷರಗಳ ಮೇಲೆ ಸಣ್ಣ ಗೆರೆಯೊಂದು ಉಬ್ಬಿರುತ್ತದೆ, ಕಣ್ಣಿಲ್ಲದೆ ಬೆರಳು ಜಾಗ ಕಂಡುಕೊಳ್ಳಲೆಂದು. ಸೇವಾವಧಿಯ ಕೊನೆಯ ವರ್ಷಗಳನ್ನೆಲ್ಲ ನಾನು ಆ ಗೆರೆಗಳ ಮೇಲೆ ಬೆರಳಿಟ್ಟೇ ಕಳೆದೆ. ಹಿಂದಿನ ಸೀಟಿನಲ್ಲಿ ನನಗೆ ಹೊಳೆದದ್ದು ಮಾತ್ರ ಟಾವೆಲ್.

ಇದನ್ನೆಲ್ಲ ಖಾಜಾಸಾಬ ಅರಿವೆ ಹಿಂಡುತ್ತ ಕೇಳಿದ. “ಹಂಗಾರ ಇದು ಕಂಪನಿಯಾಂದ ಬಂದದ್ದಲ್ರಿ?”

“ಅಲ್ಲ. ಮುದ್ದೇಬಿಹಾಳದ್ದು.”

ಅವನು ಒಳಗೆ ಕುಳಿತು, ಕಣ್ಣು ಮುಚ್ಚಿ, ಹರಳು ಹುಡುಕಿ ಅದರ ಮೇಲಕ್ಕೆ ಒತ್ತಿದ. ಗಾಜಿಗೆ ಗಾಳಿ ಬಡಿಯಿತು. “ಬರೋಬ್ಬರಿ ಐತಿ ನೋಡ್ರಿ” ಎಂದು ಇಳಿದ. ಅವನ ನಂತರ ನಾನೂ ಕುಳಿತು ಒತ್ತಿದೆ. ಟಕ್ ಎನ್ನಲಿಲ್ಲ. ಇಷ್ಟು ದಿನ ಹಿಡಿದ ಹಟ ಬಿಟ್ಟು, ಕೆಲಸವಾಯಿತೆಂದು ನಂಬಿದೆ.

ಖಾಜಾಸಾಬ ಟಿಕಳಿಗಳ ಸುತ್ತಲಷ್ಟೇ ಒರೆಸಿದ. ಸಂಜೆ ಅಕ್ಕ ಒಬ್ಬಳೇ ಕಾರು ಓಡಿಸಿಕೊಂಡು ಮುದ್ದೇಬಿಹಾಳಕ್ಕೆ ಹೋದಳು. ಮಾಂತೇಶ ಈವರೆಗೆ ಡ್ರೈವರನನ್ನು ಇಟ್ಟಿಲ್ಲ.