ರೊಟ್ಟಿ ಬಡದ ವಾಚು

ನಮ್ಮನಿಯವರು ಹರೇದಾಗ ಸೊಂಟಕ್ಕ ವಾಕ್‌ಮನ್ ಸಿಗಿಸಿಕೊಂಡು ಇಂಡಿ ಬಸ್ ಸ್ಟ್ಯಾಂಡಿನಿಂದ ನಮ್ಮ ಲಿಂಬಿ ತೋಟದ ಮಟಾ ನಡಕೋತ ಬರತಿದ್ರು. ಟೆಂಪೊ ಹತ್ತಿದ್ರ ಗದ್ದಲದಾಗ ಹಾಡು ಕೆಡತೈತಂತ! ಬುತ್ತಿ ಹಿಡಕೊಂಡು ಬದುವಿನ ಮ್ಯಾಲ ನಿಂತು ನಾ ಗಂಟಲಾ ಹರಕೊಂಡ್ರೂ ಅವರಿಗಿ ಕೇಳತಿದ್ದಿಲ್ಲ. ಸುಟ್ಟ ಡಬ್ಬಿ, ಸವತಿ ಬಂದಂಗ ಬಂದೈತಿ ಅಂತ ಬೈತಿದ್ದೆ.

ಈಗ ಅವರಿಗಿ ಸಕ್ರಿ ಬ್ಯಾನಿ. ದಿನಾ ನಡೀರಿ ಅಂತ ಡಾಕ್ಟರ್ರು ಹೇಳಿದ್ರು. ಸಿಂದಗಿಗಿ ಕೊಟ್ಟ ಮಗಳು ಒಂದು ವಾಚು ತಂದು ಅವರ ಕೈಗಿ ಕಟ್ಟಿದ್ಳು. ಹೆಜ್ಜಿ ಎಣಸತೈತಿ, ಎದಿ ಬಡಿತ ತೋರಸತೈತಿ, ಇಯರ್‌ಫೋನ್ ಇಟಗೊಂಡ್ರ ಹಾಡೂ ಹಾಡತೈತಿ. ಎಲ್ಲಾ ಮಾಡತೈತಿ, ಇವರನ್ನ ಹೊರಸಿನಿಂದ ಎಬ್ಬಸೂದೊಂದು ಬಿಟ್ಟು.

ಒಂದಿನ ಮುಂಜಾನಿ ಅವರು ಮಾರಿ ತೊಳಿಯಾಕ ವಾಚು ಬಿಚ್ಚಿಟ್ರು. ಕಳದೀತಂತ ನಾ ನನ್ನ ಕೈಗಿ ಕಟ್ಟಿಕೊಂಡು ಜ್ವಾಳದ ರೊಟ್ಟಿ ಬಡದೆ. ಬಡದು ಮುಗಸೂದ್ರಾಗ ವಾಚಿನ ಲೆಕ್ಕದಾಗ ನಾ ಊರು ದಾಟಿ ಹೋಗಿದ್ದೆ! ಇವರ ಕಣ್ಣು ಮಿಂಚಿದ್ವು. "ದಿನಾ ರೊಟ್ಟಿ ಬಡಿಮುಂದ ನೀನ ಕಟ್ಟಿಕೊ. ನಿನ್ನ ಕೈಗಿ ಚಂದ ಕಾಣತೈತಿ" ಅಂದ್ರು. ಮದಿವ್ಯಾದಾಗಿಂದ ನನ್ನ ಕೈ ಚಂದ ಅಂದವರಲ್ಲ. ಉಬ್ಬಿ ಕಟ್ಟಿಕೊಂಡೆ.

ತಪಾಸಣಿಗಿ ಹೋದಾಗ ಡಾಕ್ಟರ್ರು ರಕ್ತದಾಗಿನ ಸಕ್ರಿ ನೋಡಿದ್ರು, ವಾಚಿನ್ಯಾಗಿನ ಹೆಜ್ಜಿ ನೋಡಿದ್ರು, ತಲಿ ತುರಿಸಿಕೊಂಡ್ರು. "ಕಾಕಾರ, ಇಷ್ಟು ನಡದ್ರೂ ಸಕ್ರಿ ಇಳಿದಿಲ್ಲಂದ್ರ ಇನ್ನ ಗುಳಿಗಿ ಸಾಲಂಗಿಲ್ಲ. ನಾಳಿಂದ ದಿನಾ ಇಂಜೆಕ್ಷನ್ ಚಾಲೂ ಮಾಡೂನು."

ನಾ ಇವರ ಮಾರಿ ನೋಡಿದೆ. ಸೂಜಿ ಅಂದ್ರ ಕೂಸಿನಂಗ ನಡಗೂ ಮನಶ್ಯಾ, ಆದ್ರೂ ಬಾಯಿ ಬಿಡವಲ್ರು! ಮರ್ಯಾದಿ ನೋಡ್ರಿ. ಕಡೀಕ ನಾನ ಕೈ ಚಾಚಿದೆ. "ನಡದಿದ್ದು ಈ ಕೈರಿ, ಸಾಹೇಬ್ರ. ರೊಟ್ಟಿ ಬಡದೈತಿ. ಚುಚ್ಚೂದಿದ್ರ ಇದಕ್ಕ ಚುಚ್ಚರಿ."

ಡಾಕ್ಟರ್ರು ನಗು ತಡಕೊಂಡು ಖರೇನ ನಡದು ತೋರಸ್ರಿ ಅಂತ ಒಂದು ತಿಂಗಳ ವಾಯಿದಾ ಕೊಟ್ರು. ಇವರದು ಇಂಗ ತಿಂದ ಮಂಗ್ಯಾನ ಮಾರಿ. ಹೊರಗ ಬಂದಮ್ಯಾಲ ನನಗ ಅಳು ತಡೀಲಿಲ್ಲ. "ನನಗ ನೀವು ಬೇಕ್ರಿ. ವಾಚಿನ ಲೆಕ್ಕ ತಗೊಂಡು ಏನ ಮಾಡ್ಲಿ?" ಅಂದೆ.

ಮರುದಿನ ಸಿಂದಗಿಗಿ ಫೋನ್ ಹಚ್ಚಿ, ಹ್ಯಾಂಗ ಹಚ್ಚೂದಂತ ಮಗಳನ್ನ ಕೇಳಿಕೊಂಡು, ವಾಚಿನ್ಯಾಗ ಅವರ ಹರೇದ ಹಾಡು ಹಚ್ಚಿ ಇಯರ್‌ಫೋನ್ ನಾನ ಅವರ ಕಿವ್ಯಾಗ ಇಟ್ಟೆ. ಎದ್ದು ಹೊಂಟ್ರು ನೋಡ್ರಿ! ಈಗ ದಿನಾ ಮುಂಜಾನಿ ಲಿಂಬಿ ಗಿಡದ ನಡುವ ಗುನುಗಕೋತ ಹೋಗತಾರ. ರೊಟ್ಟಿ ಆರಾಕತ್ತಾವ, ಬರ್ರೀ ಅಂತ ಅದ ಬದುವಿನ ಮ್ಯಾಲ ನಿಂತು ಕೂಗತೇನಿ. ಕೇಳಂಗಿಲ್ಲ. ಕೇಳದಿರಲಿ, ಇನ್ನೊಂದು ಸುತ್ತು ಹಾಕಲಿ.